ಎರಡೇ ಸೀಟಿನ ಕಾರುಬಾರು

ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ತಟ್ಟೆ ಇಡುವ ಹೊತ್ತಿಗೆ ಮನೆಯ ಮುಂದೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಒಂದು ಸಲ, ಎರಡು ಸಲ, ಆಮೇಲೆ ದೊಡ್ಡದೊಂದು ಕೆಮ್ಮು. ಕಿಟಕಿಯ ಪಕ್ಕ ಕೂತಿದ್ದ ಅಜ್ಜಿ ಕುತ್ತಿಗೆ ಉದ್ದ ಮಾಡಿ ನೋಡಿದರು.

"ನೆಂಟರಲ್ಲ, ಗಾಡಿ," ಎಂದು ಸೊಸೆಗೆ ವರದಿ ಒಪ್ಪಿಸಿದರು. "ಒಳಗೆ ನಿನ್ನ ಗಂಡ ಇದಾನೆ. ಎದೆಮಟ್ಟ ಮುಳುಗಿದಾನೆ."

ಬದನೆಕಾಯಿ ಬಣ್ಣದ ಗಿಡ್ಡ ಕಾರು. ತಲೆಯ ಮೇಲೆ ಚಾವಣಿಯೇ ಇಲ್ಲ. ಇದ್ದ ಬಟ್ಟೆಯ ಚಾವಣಿಯನ್ನು ಕೊಡೆಯ ಹಾಗೆ ಮಡಿಸಿ ಬೆನ್ನಿಗೆ ಕಟ್ಟಿದ್ದರು. ಅದರ ಬಾಗಿಲು ತೆರೆದುಕೊಂಡು ಮೇಷ್ಟ್ರು ಇಳಿಯಲಿಲ್ಲ, ಬಾವಿಯೊಳಗಿಂದ ಬಂದವರಂತೆ ಮೇಲಕ್ಕೆ ಹತ್ತಿ ಬಂದರು. ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸ್ಕೂಲು ಬೇರೆಯವರದು, ಕಾರೂ ಬೇರೆಯವರದು. ಮೇಷ್ಟ್ರದು ಪಕ್ಕದ ಸೀಟು, ಕಾಲಡಿಯ ಎರಡನೇ ಬ್ರೇಕು, ಮತ್ತು "ಕ್ಲಚ್ಚು ಅಂದ್ರೆ ಮೊಟ್ಟೆ ಅನ್ಕೊಳ್ಳಿ, ಒಡೀಬೇಡಿ" ಎನ್ನುವ ಮಾತು, ಇಷ್ಟೇ.

ಮಗಳು ಬಾಗಿಲಿಗೆ ಬಂದಳು. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದ ಅವಳಿಗೆ ಬಾಯಿ ತೆರೆದವರನ್ನು ನೋಡಿ ಅಭ್ಯಾಸವಿತ್ತು. ಇವತ್ತು ತಾನೇ ಬಾಯಿ ತೆರೆದು ನಿಂತಳು.

"ಅಪ್ಪ, ನಮ್ಮ ಗಾಡಿ ಎಲ್ಲಿ?"

"ಇದೇ ನಮ್ಮ ಗಾಡಿ."

"ಬಿಳೀದು?"

"ಅದಲು ಬದಲು. ಮೇಲೆ ಒಂದಿಷ್ಟು ಕೈಗೂ ಕೊಟ್ರು."

"ಕೊಡದೆ ಏನು! ಮೂರು ವರ್ಷದ ಗಾಡಿ ಕೊಟ್ಟು ಮೂವತ್ತು ವರ್ಷದ್ದು ತಂದಿದೀರಿ."

ಅಜ್ಜಿ ಕೋಲೂರಿಕೊಂಡು ಮೆಟ್ಟಿಲವರೆಗೆ ಬಂದು ಬೆರಳು ಮಡಿಸಿ ಎಣಿಸಿದರು. "ಮುಂದೆ ಎರಡು. ಹಿಂದೆ?"

"ಹಿಂದೆ ಇಲ್ಲಮ್ಮ."

"ಇಲ್ಲ ಅಂದ್ರೆ? ಬಿಚ್ಚಿ ಇಟ್ಕೊಂಡ್ರಾ?"

"ಇದು ಇರೋದೇ ಹೀಗೆ. ರೋಡ್‌ಸ್ಟರ್ ಅಂತಾರೆ. ಎರಡೇ ಸೀಟು."

"ಮನೇಲಿ ನಾಲ್ಕು ಜನ ಇದೀವಿ ಕಣೋ. ಇನ್ನಿಬ್ಬರನ್ನೂ ಅದಲು ಬದಲಲ್ಲೇ ಕೊಟ್ಟು ಬಂದ್ಯಾ?"

ಮೇಷ್ಟ್ರ ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುತ್ತಿದ್ದ ಅವರನ್ನು ಬೀದಿಯವರೆಲ್ಲ ಪರದೆಯಮ್ಮ ಎಂದೇ ಕರೆಯುತ್ತಿದ್ದರು. ಅಜ್ಜಿ, ಮೊಮ್ಮಗಳು ಇಬ್ಬರೂ ತಿರುಗಿ ಅವರ ಮುಖ ನೋಡಿದರು.

"ಹೇಗಿದೆ?" ಎಂದರು ಮೇಷ್ಟ್ರು.

"ಬಟಾಣಿ ತಣ್ಣಗಾಗ್ತಿದೆ," ಎಂದು ಪರದೆಯಮ್ಮ ಒಳಗೆ ಹೋದರು.

ಪರದೆಯ ಹಿಂದೆ ನಡೆಯುತ್ತಿದ್ದದ್ದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಂದ, ಅವರು ಬೆಳಗ್ಗೆ ಆರಕ್ಕೆ ನಡೆದು ಸ್ಕೂಲಿಗೆ ಹೋದದ್ದೇ ತಡ, ಬಿಳಿ ಕಾರು ಹೊರಬೀಳುತ್ತಿತ್ತು. ಪರದೆಯಮ್ಮ ಓಡಿಸುತ್ತಿದ್ದರು, ಲೈಸೆನ್ಸ್ ಇದ್ದ ಮಗಳು ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದಳು. ಏಳೂವರೆಗೆ ಕಾರು ವಾಪಸ್ಸು. ಬಾನೆಟ್ಟು ಯಾಕೆ ಬಿಸಿ ಇದೆಯೆಂದು ಮೇಷ್ಟ್ರು ಒಮ್ಮೆ ಕೇಳಿದಾಗ ಅಜ್ಜಿ, "ಬಿಸಿಲು ಕಣೋ," ಎಂದು ಮೋಡದ ದಿನವೇ ಹೇಳಿ ದಾಟಿಸಿದ್ದರು.

ಪರದೆಯಮ್ಮನ ಡ್ರೈವಿಂಗ್ ಟೆಸ್ಟಿಗೆ ಇನ್ನು ಇಪ್ಪತ್ತೆರಡು ದಿನವಿತ್ತು. ಊರಾಚೆ ಹೊಸದಾಗಿ ಎದ್ದ ವಿದ್ಯಾರ್ಥಿಗಳ ಹಾಸ್ಟೆಲಿನಿಂದ ಅರವತ್ತು ಕೋಣೆಗಳ ಪರದೆಯ ಕೆಲಸ ಬಂದಿತ್ತು. ಬಟ್ಟೆ ಸಾಗಿಸುವುದಕ್ಕೆ ಅವರ ವ್ಯಾನೇ ಬರುತ್ತದೆ. ಆದರೆ ಅಳತೆಗೆ, ತೂಗುಹಾಕುವುದಕ್ಕೆ ವಾರಕ್ಕೆರಡು ದಿನ ಪರದೆಯಮ್ಮನೇ ಹೋಗಬೇಕು. ಆ ಕಡೆ ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. "ನೀವೇ ಗಾಡಿ ಓಡಿಸ್ತೀರಾ?" ಎಂದು ಹಾಸ್ಟೆಲಿನ ಮ್ಯಾನೇಜರು ಫೋನಿನಲ್ಲಿ ಕೇಳಿದಾಗ ಪರದೆಯಮ್ಮ ಹೌದೆಂದಿದ್ದರು. ಟೆಸ್ಟ್ ಪಾಸಾದ ದಿನವೇ ಹನ್ನೊಂದಕ್ಕೆ ಮೊದಲ ಅಳತೆ ಎಂದು ಮಾತೂ ಕೊಟ್ಟಿದ್ದರು.

ಮನೆಯಲ್ಲೇ ಮೇಷ್ಟ್ರಿರುವಾಗ ಈ ಕದ್ದುಮುಚ್ಚಿ ಕಲಿಯುವ ಕರ್ಮವೇಕೆ ಎಂದರೆ, ಅದು ಹದಿನಾರು ವರ್ಷದ ಹಿಂದಿನ ಕಥೆ. ಆಗ ಮೇಷ್ಟ್ರೇ ಸ್ಕೂಲಿನ ಕಾರಿನಲ್ಲಿ ಅವರಿಗೆ ಆರು ವಾರ ಕಲಿಸಿದ್ದರು. ಪರದೆಯಮ್ಮ ಎಷ್ಟು ಚೆನ್ನಾಗಿ ಓಡಿಸುತ್ತಿದ್ದರೆಂದರೆ ಒಂದು ಬೆಕ್ಕೂ ಹೆದರಿರಲಿಲ್ಲ. ಟೆಸ್ಟಿನ ದಿನ ಪಕ್ಕದಲ್ಲಿ ಪರೀಕ್ಷಕರು ಕೂತರು, ಕಾರು ಸೀದಾ ಹೋಗಿ ಕಚೇರಿಯ ಹೂವಿನ ಪಾತಿಯಲ್ಲಿ ನಿಂತಿತು. ಆರು ವಾರ ಬ್ರೇಕು ಒತ್ತಿದ್ದು ಪರದೆಯಮ್ಮನ ಕಾಲಲ್ಲ, ಅವರಿಗೆ ತಿಳಿಯದ ಹಾಗೆ ಮೇಷ್ಟ್ರ ಕಾಲು. ಬಂಪರಿಗೆ ಸಿಕ್ಕಿಕೊಂಡಿದ್ದ ಹೂವು ಬಿಡಿಸುವಾಗ ಸುತ್ತ ಐವತ್ತು ಜನ ನಿಂತಿದ್ದರು. ಆಮೇಲೆ ಮೇಷ್ಟ್ರು ಎಷ್ಟು ಕರೆದರೂ ಅವರು ಸ್ಟೇರಿಂಗ್ ಮುಟ್ಟಿರಲಿಲ್ಲ.

ಬುಧವಾರ ಅಜ್ಜಿಗೆ ಮೂಳೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೊಸ ಹಳೇ ಕಾರಿನಲ್ಲಿ ಅವರನ್ನು ಕೂರಿಸುವ ಕೆಲಸಕ್ಕೆ ಮಗ ಒಂದು ಕಡೆ, ಸೊಸೆ ಒಂದು ಕಡೆ.

"ಸೊಂಟ ಹಿಂದೆ ತಳ್ಳಮ್ಮ, ಆಮೇಲೆ ಕಾಲು."

"ಇದು ಆಸನವೇನೋ, ಯೋಗಾಸನವೇನೋ? ಒಳಗೆ ಹಾಕೋದು ಹಾಕ್ತೀರಿ, ತೆಗಿಯೋರ್ಯಾರು?"

ತೆಗೆಯುವುದಕ್ಕೆ ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಆಳುಗಳು ಬೇಕಾದರು. ಬರುವಾಗ ಅಜ್ಜಿ ಟ್ಯಾಕ್ಸಿಯಲ್ಲಿ ಬಂದರು, ಹಿಂದೆ ಮೇಷ್ಟ್ರು ಖಾಲಿ ಕಾರಿನಲ್ಲಿ ಬಂದರು. ಕಾರು ದಾರಿಯುದ್ದ ಹೊಗೆ ಕಾರುತ್ತಿತ್ತು, ಹೆಸರಿಗೆ ತಕ್ಕ ಹಾಗೆ.

ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ಪರದೆಯಮ್ಮ ಗಂಡನ ತಟ್ಟೆಗೆ ಒಂದು ಆಲೂಗಡ್ಡೆ ಹಾಕಿದರು.

"ಇಪ್ಪತ್ತೊಂಬತ್ತಕ್ಕೆ ನನಗೆ ಟೆಸ್ಟಿದೆ."

"ಯಾವುದು, ಸಕ್ಕರೇದಾ? ಖಾಲಿ ಹೊಟ್ಟೇಲಿ ಹೋಗ್ಬೇಕು."

"ಡ್ರೈವಿಂಗ್ ಟೆಸ್ಟು."

ಮೇಷ್ಟ್ರ ಆಲೂಗಡ್ಡೆ ಅರ್ಧ ದಾರಿಯಲ್ಲಿ ನಿಂತಿತು. "ಯಾರು ಕಲಿಸಿದ್ದು?"

ಮಗಳು ಕೈ ಎತ್ತಿದಳು. ಎತ್ತಿದವಳು ಸುಮ್ಮನಿರದೆ ಅಪ್ಪನ ದನಿ ತೆಗೆದಳು: "'ಕನ್ನಡಿ ನೋಡ್ಕೊಳ್ಳಿ ಮೇಡಂ, ಮುಖ ನೋಡ್ಕೊಳೋಕಲ್ಲ, ಹಿಂದಿನ ಲಾರಿ ನೋಡೋಕೆ!' ನೀವು ಹೇಳೋದೇ ಹೇಳಿಕೊಟ್ಟೆ ಅಪ್ಪ, ಒಂದಕ್ಷರ ಆಚೀಚೆ ಮಾಡಿಲ್ಲ."

"ನಿನಗೂ ಗೊತ್ತಿತ್ತಾಮ್ಮ?" ಮೇಷ್ಟ್ರು ತಾಯಿಯ ಕಡೆ ತಿರುಗಿದರು.

"ನನಗೆ ಸೊಂಟ ಹೋಗಿದೆ, ಕಿವಿ ಹೋಗಿಲ್ಲ."

"ಮೂರು ಜನ ಸೇರಿ ನನ್ನ ಬೆನ್ನ ಹಿಂದೆ..."

"ಬೆನ್ನ ಹಿಂದೆ ಮಾಡೋದು ಈ ಮನೇಲಿ ಯಾರು ಶುರು ಮಾಡಿದ್ದು ಅಂತ ಮಾತಾಡೋಣ್ವಾ ರೀ?" ಪರದೆಯಮ್ಮನ ದನಿ ಏರಲಿಲ್ಲ. "ಭಾನುವಾರ ಬೆಳಗ್ಗೆ ಬಿಳೀ ಗಾಡೀಲಿ ಹೋದ್ರಿ. ಮಧ್ಯಾಹ್ನ ಇದರಲ್ಲಿ ಬಂದ್ರಿ. ಒಂದು ಮಾತು ಕೇಳಿದ್ರಾ?"

"ಇಪ್ಪತ್ತಾರು ವರ್ಷದಿಂದ ಪಕ್ಕದ ಸೀಟಲ್ಲಿ ಕೂತಿದೀನಿ. ಒಂದು ಸಲ ನನ್ನದು ಅಂತ ಒಂದು ಗಾಡಿ, ನಾನು ಓಡಿಸೋದು, ನೀನು ಪಕ್ಕದಲ್ಲಿ..."

"ಹಾಂ, ಅದೇ. ನಾನು ಪಕ್ಕದಲ್ಲಿ. ನಿಮಗೆ ಸಾಕಾಗಿದ್ದು ನನಗೆ ತಂದ್ರಿ."

ಮರುದಿನ ಮೇಷ್ಟ್ರು ಮಧ್ಯಾಹ್ನದ ಕ್ಲಾಸು ಬಿಟ್ಟು ಗಾಡಿ ವ್ಯಾಪಾರಿಯ ಅಂಗಡಿಗೆ ಓಡಿದರು. ಬಿಳಿ ಕಾರು ಸೋಮವಾರವೇ ಅವಳಿ ಮಕ್ಕಳ ತಂದೆಯೊಬ್ಬರಿಗೆ ಹೋಗಿತ್ತು. ಮೇಷ್ಟ್ರು ಬರಿಗೈಯಲ್ಲಿ ಬರಲಾರದೆ ಟೊಮೆಟೊ ತೆಗೆದುಕೊಂಡು ಬಂದರು.

"ಸ್ಕೂಲ್ ಕಾರು ಕೇಳ್ತೀನಿ. ಟೆಸ್ಟಿಗೆ ಅದೇ ತಗೊಂಡು ಹೋಗು. ಯಜಮಾನರು ಇಲ್ಲ ಅನ್ನಲ್ಲ," ಎಂದರು ಚೀಲ ಕೆಳಗಿಡುತ್ತ.

"ಎರಡು ಬ್ರೇಕಿನ ಗಾಡಿ ನನಗೆ ಬೇಡ."

"ಪಕ್ಕದ ಬ್ರೇಕು ಪರೀಕ್ಷಕರು ಮುಟ್ಟಲ್ಲ ಕಣೆ."

"ಮುಟ್ಟಿದ್ರೋ ಬಿಟ್ರೋ ನನಗೇನು ಗೊತ್ತಾಗುತ್ತೆ? ಹೋದ ಸಲ ಗೊತ್ತಾಯ್ತಾ? ಗಾಡಿ ನಿಂತಾಗ ನಿಲ್ಲಿಸಿದ್ದು ನಾನೇ ಅಂತ ನನಗೆ ಗೊತ್ತಾಗ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

"ಹಾಗಾದ್ರೆ ಬದನೆಕಾಯೀನೇ ಗತಿ," ಎಂದರು ಅಜ್ಜಿ. "ಅದಕ್ಕೆ ಒಂದಾದ್ರೂ ಬ್ರೇಕ್ ಇದೆ ತಾನೆ?"

ಬದನೆಕಾಯಿ ಸುಲಭಕ್ಕೆ ಬೇಯಲಿಲ್ಲ. ಮೊದಲ ಬೆಳಗ್ಗೆ ಮಗಳು ಪಕ್ಕದಲ್ಲಿ ಕೂತಳು; ಬೀದಿ ದಾಟುವಷ್ಟರಲ್ಲಿ ಕಾರು ಒಂಬತ್ತು ಸಲ ನಿಂತಿತು. ಕ್ಲಚ್ಚು ಕಲ್ಲು. ಎರಡನೇ ಗೇರು ಇರಬೇಕಾದ ಜಾಗದಲ್ಲಿ ಇಲ್ಲ. "ಈ ಗಾಡಿ ವಿದ್ಯೆ ನನಗೂ ಬರಲ್ಲಮ್ಮ," ಎಂದು ಮಗಳು ಕೈಚೆಲ್ಲಿದಳು. ಹಳೆಯ ಗಾಡಿಗಳ ಮರ್ಜಿ ತಿಳಿದವರು ಮನೆಯಲ್ಲಿ ಒಬ್ಬರೇ.

ಅಜ್ಜಿಯ ಅಧ್ಯಕ್ಷತೆಯಲ್ಲಿ ಒಪ್ಪಂದವಾಯಿತು. ಮೇಷ್ಟ್ರು ಒಂದು ವಾರ ಬೆಳಗಿನ ಮೊದಲ ಕ್ಲಾಸು ಬಿಡಬೇಕು. ಪಕ್ಕದಲ್ಲಿ ಕೂರಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ. ಕೈಯೆರಡೂ ತೊಡೆಯ ಮೇಲೆ.

"ಫೋಟೋಗೆ ಕೂತ ಹಾಗೆ," ಎಂದಳು ಮಗಳು.

"ಫೋಟೋದಲ್ಲಿ ಇರೋರ ಹಾಗೆ," ಎಂದು ಅಜ್ಜಿ ತಿದ್ದಿದರು. "ಅವರು ಮಾತಾಡಲ್ಲ."

ಐದು ದಿನ ಚೆನ್ನಾಗಿಯೇ ನಡೆಯಿತು. ಎರಡನೇ ಗೇರಿಗೆ ಮೊದಲು ಮೂರನೆಯದರ ಕಡೆ ಒಮ್ಮೆ ವಾಲಿಸಿ, ಅಲ್ಲಿಗೇ ಹೋಗುವವರಂತೆ ನಟಿಸಿ, ಥಟ್ಟನೆ ಹಿಂದಕ್ಕೆಳೆಯಬೇಕು ಎಂದು ಮೇಷ್ಟ್ರು ಹೇಳಿಕೊಟ್ಟರು. ಪರದೆಯಮ್ಮ ಮೂರು ಸಲ ನಟಿಸಿದರು, ನಾಲ್ಕನೆಯ ಸಲ ಗೇರು ಮೋಸಹೋಯಿತು. ಹಾಲಿನ ಅಂಗಡಿಯವನು ಇಬ್ಬರನ್ನೂ ನೋಡಿ, "ಏನ್ ಮೇಷ್ಟ್ರೇ, ಹೊಸ ಮದುವೆನಾ?" ಎಂದ. ಪರದೆಯಮ್ಮ ನಗದೆ ಸಿಗ್ನಲ್ ಹಾಕಿ ತಿರುಗಿಸಿದರು. ತಿರುಗಿಸಿದ ಮೇಲೆ ನಕ್ಕರು.

ಆರನೆಯ ದಿನ ತರಕಾರಿ ಮಾರುಕಟ್ಟೆಯ ಕೂಡುರಸ್ತೆಯಲ್ಲಿ ಎದುರಿಗೆ ಒಂದು ಕೈಗಾಡಿ ಅಡ್ಡ ಬಂತು. ಕಾರು ಬೆಣ್ಣೆಯಂತೆ ನಿಂತಿತು.

"ನೋಡಿದ್ರಾ!" ಪರದೆಯಮ್ಮನ ಮುಖ ಅರಳಿತು. "ಒಂಚೂರೂ ಕುಲುಕಲಿಲ್ಲ."

"ಹೂಂ. ಚೆನ್ನಾಗಿತ್ತು," ಎಂದರು ಮೇಷ್ಟ್ರು, ರಸ್ತೆಯನ್ನೇ ನೋಡುತ್ತ.

ಕೈಗಾಡಿ ಹೋಯಿತು. ಪರದೆಯಮ್ಮ ಕ್ಲಚ್ಚು ಬಿಟ್ಟರು. ಕಾರು ಮುಂದೆ ಹೋಗದೆ ಒಮ್ಮೆ ನಡುಗಿ ಸತ್ತಿತು. ಅವರು ಕೆಳಗೆ ನೋಡಿದರು. ಎರಡು ಸೀಟುಗಳ ನಡುವೆ ಕೈಬ್ರೇಕು ನಿಗುರಿ ನಿಂತಿತ್ತು, ಅದರ ಮೇಲೆ ಮೇಷ್ಟ್ರ ಕೈ.

"ರೀ. ಕೈ ಎಲ್ಲಿದೆ?"

"ಇಲ್ಲೇ."

"ಇಲ್ಲೇ ಅಂದ್ರೆ?"

ಹಿಂದೆ ಮೂರು ಗಾಡಿ ಹಾರ್ನು ಹೊಡೆದವು. ಮೇಷ್ಟ್ರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ತಾನಾಗೇ ಹೋಯ್ತು ಕಣೆ. ನಿಜವಾಗ್ಲೂ."

"ಇವತ್ತು ಎಷ್ಟನೇ ಸಲ?"

ಮೇಷ್ಟ್ರು ಹಿಂದೆ ತಿರುಗಿ ಹಾರ್ನು ಹೊಡೆದವರನ್ನು ನೋಡಿದರು. ಕೇಳಿದ್ದಕ್ಕೆ ಮಾತ್ರ ಉತ್ತರ ಎನ್ನುವ ಒಪ್ಪಂದದ ಪ್ರಕಾರ ಲೆಕ್ಕ ಕೊಡಬೇಕಿತ್ತು. ಪರದೆಯಮ್ಮ ಚೀಲ ತೆಗೆದುಕೊಂಡು ಇಳಿದು, ಮಾರುಕಟ್ಟೆಯ ಮಧ್ಯದಿಂದ ಮನೆಗೆ ನಡೆದುಬಿಟ್ಟರು. ಮೇಷ್ಟ್ರು ಗೇರಿನ ಕೋಲು ದಾಟಿಕೊಂಡು ಆಚೆ ಸೀಟಿಗೆ ಹೋಗುವಾಗ ಪ್ಯಾಂಟು ಹರಿಯಿತು.

ಅವತ್ತಿನಿಂದ ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜ್ ಆದರು.

"ಅತ್ತೆ, ಊಟಕ್ಕೆ ಬರ್ಬೇಕಂತೆ ಅಂತ ಹೇಳಿ."

"ಲೋ, ಊಟಕ್ಕೆ ಬರ್ಬೇಕಂತೆ."

"ಅಮ್ಮ, ಪ್ಯಾಂಟ್ ಹೊಲಿದು ಕೊಡ್ತಾಳಾ ಕೇಳು."

"ಪ್ಯಾಂಟ್ ಹೊಲಿದು ಕೊಡ್ತೀಯಾ?"

"ಪರದೆ ಮಾತ್ರ ಹೊಲಿಯೋದು ಅಂತ ಹೇಳಿ."

"ಮಾನ ಮುಚ್ಚೋದೂ ಪರದೇನೇ ಅಲ್ವೇನೇ? ಹೊಲಿ ಹೋಗು," ಎಂದು ಎಕ್ಸ್‌ಚೇಂಜು ಸ್ವಂತ ಮಾತನ್ನೂ ಸೇರಿಸಿತು.

ಟೆಸ್ಟಿಗೆ ಆರು ದಿನ ಉಳಿದಿತ್ತು. ಹಾಸ್ಟೆಲಿನ ಮ್ಯಾನೇಜರು ಫೋನು ಮಾಡಿ, ಮೊದಲ ಮಹಡಿಯ ಕಿಟಕಿಗಳು ತಯಾರಾಗಿವೆ, ಬರುತ್ತೀರಿ ತಾನೆ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಪರದೆಯಮ್ಮ, "ಹನ್ನೊಂದಕ್ಕೆ ಅಲ್ಲಿರ್ತೀನಿ," ಎಂದು ಫೋನಿಟ್ಟು, ನೆಟ್ಟಗಿದ್ದ ಹೊಲಿಗೆಯನ್ನೇ ಬಿಚ್ಚತೊಡಗಿದರು.

ಸಂಜೆ ಮೇಷ್ಟ್ರು ಅಡುಗೆಮನೆಯ ಮೇಜಿನ ಮೇಲೆ ಒಂದು ಖಾಲಿ ಸಕ್ಕರೆ ಡಬ್ಬಿ ಇಟ್ಟು ಅದರೊಳಗೆ ಸೌಟು ನಿಲ್ಲಿಸಿದರು. ಮಗಳನ್ನು ಕರೆದರು.

"ಕೂತ್ಕೋ. ಇದು ಗೇರು. ನಾನು ಬರಲ್ಲ, ನೀನೇ ಪಕ್ಕದಲ್ಲಿ ಕೂರ್ತೀಯ. ನಾಲ್ಕು ದಿನ ರಜ ಹಾಕು."

"ಡಾಕ್ಟ್ರು ಬಯ್ತಾರಪ್ಪ."

"ಹಲ್ಲು ಎಲ್ಲಿಗೂ ಓಡಿಹೋಗಲ್ಲ. ನೋಡು, ಏರಲ್ಲಿ ನಿಂತಾಗ ಕೈಬ್ರೇಕ್ ನಂಬಬಾರದು, ಸವೆದಿದೆ. ಕಾಲಲ್ಲೇ ಹಿಡೀಬೇಕು. ಬ್ರೇಕು ಮೊದಲ ಅರ್ಧ ಖಾಲಿ ಹೋಗುತ್ತೆ, ಗಾಬರಿ ಆಗಬಾರದು, ಕೆಳಗೆ ಸಿಗುತ್ತೆ. ನಿಂತೇ ಹೋದ್ರೆ ಎರಡು ಉಸಿರು ತಗೊಂಡು ಆಮೇಲೆ ಕೀಲಿ ತಿರುಗಿಸ್ಬೇಕು. ತಕ್ಷಣ ತಿರುಗಿಸಿದ್ರೆ ಪೆಟ್ರೋಲ್ ತುಂಬಿಕೊಳ್ಳುತ್ತೆ."

ಮಗಳಿಂದ ಒಂದು ಮೊಳ ಆಚೆ ಪರದೆಯಮ್ಮ ಪರದೆಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದರು. ಮೇಷ್ಟ್ರು ಅವರ ಕಡೆ ನೋಡಲಿಲ್ಲ. ದನಿ ಮಾತ್ರ ಮಗಳಿಗೆ ಬೇಕಾದದ್ದಕ್ಕಿಂತ ದೊಡ್ಡದಿತ್ತು. ಇಸ್ತ್ರಿ ಪೆಟ್ಟಿಗೆ ಒಂದೇ ಜಾಗದಲ್ಲಿ ನಿಂತಿತ್ತು.

"ಎಷ್ಟು ಉಸಿರು ಅಂತ ಕೇಳಿ ಅತ್ತೆ."

"ಎರಡು," ಎಂದರು ಮೇಷ್ಟ್ರು, ಎಕ್ಸ್‌ಚೇಂಜು ಬಾಯಿ ತೆರೆಯುವ ಮೊದಲೇ.

"ಬಟ್ಟೆ ಸುಡ್ತಿದೆ ಕಣೇ!" ಎಂದರು ಅಜ್ಜಿ.

ಮುಂದಿನ ನಾಲ್ಕು ಬೆಳಗ್ಗೆ ಮಗಳೇ ಹೋದಳು. ಮೇಷ್ಟ್ರು ಸ್ಕೂಲಿಗೆ ನಡೆಯುತ್ತ ದಾರಿಯಲ್ಲಿ ಎರಡು ಸಲ ಹಿಂತಿರುಗಿ ನೋಡುತ್ತಿದ್ದರು. ಅವರ ಹತ್ತಿರ ಕಲಿಯುತ್ತಿದ್ದ ಬ್ಯಾಂಕಿನ ಹೆಂಗಸು, "ಯಾಕ್ ಸಾರ್, ನೀವು ಬ್ರೇಕೇ ಹಾಕ್ತಿಲ್ಲ? ಫುಟ್‌ಪಾತ್ ಹತ್ತಿಬಿಟ್ಟೆ!" ಎಂದು ದೂರಿದರು.

ಟೆಸ್ಟಿನ ದಿನ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೇ ಹೋಗಬೇಕಾಯಿತು, ಮಗಳ ರಜ ಮುಗಿದಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತವರು ಕೈಯೆರಡನ್ನೂ ತಮ್ಮ ತೊಡೆಯಡಿ ಹಾಕಿಕೊಂಡರು. ಪರೀಕ್ಷೆಯ ಮೈದಾನದ ಗೇಟಿನಲ್ಲಿ ಎಲ್ಲರಿಗೂ ಮೇಷ್ಟ್ರ ಪರಿಚಯ. "ಪರೀಕ್ಷಕರಿಗೆ ಒಂದು ಮಾತು ಹೇಳ್ಲಾ?" ಎಂದು ಕೇಳಿದರು.

"ಬೇಡ. ನೀವು ಗೇಟು ದಾಟಿ ಒಳಗೆ ಬರೋದೂ ಬೇಡ."

ಪರದೆಯಮ್ಮ ಅಳತೆಯ ಟೇಪು, ಬಟ್ಟೆ ಮಾದರಿಗಳ ದಪ್ಪ ಪುಸ್ತಕ, ಪರದೆ ತೂಗುಹಾಕುವ ಸರಳುಗಳ ಕಟ್ಟು, ಎಲ್ಲವನ್ನೂ ಇಳಿಸಿ ಗೇಟಿನವನ ಹತ್ತಿರ ಬಿಟ್ಟರು. ಪರೀಕ್ಷಕರು ಬಂದರು, ದಢೂತಿ ಆಸಾಮಿ. ಬಾಗಿಲು ತೆಗೆದು ಸೀಟನ್ನು ಹುಡುಕಿದರು.

"ಇಷ್ಟು ಕೆಳಗಾ? ಬೇರೆ ಗಾಡಿ ಇರ್ಲಿಲ್ವಾ ತಾಯಿ?"

"ಇತ್ತು ಸರ್," ಎಂದರು ಪರದೆಯಮ್ಮ.

ಕಾರು ಹೊರಟಿತು. ಕಂಬಗಳ ನಡುವೆ ಸುತ್ತಿತು, ಹಿಂದೆ ಬಂತು, ಏರಿನ ಕಡೆ ತಿರುಗಿತು. ಏರಿನ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು. ನಿಂತಿತು. ಹೊರಡುವಾಗ ಇಂಜಿನ್ನು ಸತ್ತಿತು. ಕಾರು ಹಿಂದಕ್ಕೆ ಒಂದು ಗೇಣು ಜಾರಿತು, ಇನ್ನೊಂದು ಗೇಣು. ಮೇಷ್ಟ್ರು ಬೆನ್ನು ತಿರುಗಿಸಿ ಗೇಟಿನ ಪಕ್ಕದ ಬಸ್ಸಿನ ವೇಳಾಪಟ್ಟಿ ಓದತೊಡಗಿದರು. ಹಿಂದೆ ಟೈರು ಕಿರ್ರೆಂದಿತು. ಆಮೇಲೆ ಸದ್ದಿಲ್ಲ. ಒಂದು ಉಸಿರು. ಎರಡು. ಬದನೆಕಾಯಿ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಮತ್ತು ಅದರ ದನಿ ಮೇಲಕ್ಕೆ, ಏರಿನ ತುದಿಗೆ ಹೋಗಿ, ಹೊರಗಿನ ರಸ್ತೆಯ ಕಡೆ ಸಣ್ಣದಾಯಿತು.

ಹದಿನೈದು ನಿಮಿಷ ಕಳೆದು ವಾಪಸ್ಸು ಬಂತು. ಪರೀಕ್ಷಕರು ಎರಡೂ ಕೈ ಊರಿ ಎದ್ದು, ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು.

"ಏರಲ್ಲಿ ಜಾರ್ತು ಅಂತ ಎರಡು ಅಂಕ ಕಳೆದಿದೀನಿ. ಹಿಡಿದ್ರಲ್ಲ, ಅದಕ್ಕೆ ಪಾಸು. ಕಾರ್ಡು ಪೋಸ್ಟಲ್ಲಿ ಬರುತ್ತೆ, ಅಲ್ಲೀವರೆಗೆ ಈ ಚೀಟಿ."

ಪರದೆಯಮ್ಮ ಚೀಟಿಯನ್ನು ಎರಡು ಸಲ ಓದಿ ಚೀಲಕ್ಕೆ ಹಾಕಿದರು. ಕಾರನ್ನು ಗೇಟಿನವರೆಗೆ ತಂದು, ಪಕ್ಕದ ಸೀಟಿನಲ್ಲಿ ಸರಳುಗಳ ಕಟ್ಟು ನಿಲ್ಲಿಸಿ, ಮಾದರಿ ಪುಸ್ತಕ ಇಟ್ಟು, ಅವಕ್ಕೆ ಬೆಲ್ಟು ಹಾಕಿದರು. ಗಂಟೆ ಹತ್ತಾಗಿತ್ತು.

"ನಾನು ಹಿಡಿದೆ ರೀ," ಎಂದರು. "ನೋಡಿದ್ರಾ?"

"ಇಲ್ಲ. ಬೇರೆ ಕಡೆ ನೋಡ್ತಿದ್ದೆ."

"ಒಳ್ಳೇದಾಯ್ತು."

ಮೇಷ್ಟ್ರು ಬಾಗಿಲ ಮೇಲೆ ಕೈಯಿಟ್ಟು ಪುಸ್ತಕದ ಕಡೆ ನೋಡಿದರು. "ಇದನ್ನ ನಾನು ತೊಡೆ ಮೇಲೆ ಇಟ್ಕೊಂಡು ಬರ್ತೀನಿ. ಹಾಸ್ಟೆಲ್ ದಾರಿ ಸರಿಯಿಲ್ಲ, ಎರಡು ಕಡೆ ಸೇತುವೆ ಕೆಲಸ..."

"ಸಾಯಂಕಾಲ ಹೇಳ್ತೀನಿ ಹೇಗಿತ್ತು ಅಂತ." ಪರದೆಯಮ್ಮ ಅವರ ಕೈ ಸರಿಯುವವರೆಗೂ ಕಾದರು. "ಆಲೂಗಡ್ಡೆ ಬೇಯಿಸಿಟ್ಟಿದೀನಿ, ಅತ್ತೆಗೆ ಬಿಸಿ ಮಾಡಿ ಕೊಡಿ."

ಎರಡನೇ ಗೇರು ಸದ್ದಿಲ್ಲದೆ ಬಿತ್ತು. ಕಾರು ಹೊಗೆ ಬಿಟ್ಟು ತಿರುವಿನಲ್ಲಿ ಮರೆಯಾಯಿತು. ಗೇಟಿನವನು ಹೊಗೆಯನ್ನು ಕೈಯಲ್ಲಿ ಬೀಸಿಕೊಳ್ಳುತ್ತ ಹತ್ತಿರ ಬಂದ.

"ಮೇಷ್ಟ್ರೇ, ಅದೇನಾ ನೀವು ಹೊಸದಾಗಿ ತಗೊಂಡಿದ್ದು?"

ಮೇಷ್ಟ್ರು ತಿರುವನ್ನೇ ನೋಡುತ್ತಿದ್ದರು. "ನಮ್ಮನೆಯವರದು," ಎಂದರು. "ನನಗೆ ಮನೆಗೆ ಹೋಗೋಕೆ ಹನ್ನೊಂದೂ ಹತ್ತಕ್ಕೆ ಬಸ್ಸಿದೆ."